ಮಕ್ಕಳ ತೂಕ, ಜ್ಯೂಸ್ ಪ್ಯಾಕೆಟ್, ಸಂಜೆ ಕುರುಕಲು: ಮನೇಲಿ ಎಲ್ಲಿಂದ ಶುರು ಮಾಡ್ಬೇಕು, ಹೇಗೆ ಮಾಡ್ಬೇಕು

ಮಗು ಸ್ವಲ್ಪ ದಪ್ಪ ಆಗ್ತಿದೆ ಅನ್ನಿಸಿದ ತಕ್ಷಣ ನಮ್ಮ ಮನೆಗಳಲ್ಲಿ ಎಲ್ಲರ ಕಣ್ಣು ಹೋಗೋದು ತಟ್ಟೆ ಮೇಲೆ. ಅನ್ನ ಕಡಿಮೆ ಹಾಕು, ಚಪಾತಿ ಎರಡೇ ಸಾಕು, ತುಪ್ಪ ಬೇಡ, ಹೀಗೆ. ಅದೇ ಮಗು ಸ್ಕೂಲಿಂದ ಬರ್ತಾ ದಾರೀಲಿ ಒಂದು ಮ್ಯಾಂಗೋ ಡ್ರಿಂಕ್ ಹೀರ್ಕೊಂಡು ಬಂದಿರತ್ತೆ, ಅದು ಯಾರ ಲೆಕ್ಕಕ್ಕೂ ಇಲ್ಲ, ಯಾಕಂದ್ರೆ ಅದು ಊಟ ಅಲ್ವಲ್ಲ, ಬಾಯಾರಿಕೆಗೆ ಕುಡಿದಿದ್ದು. ನಾನು ಹೇಳೋದು ಇಷ್ಟೇ, ತಟ್ಟೆ ಹತ್ರ ಹೋಗೋದು ಆಮೇಲೆ ನೋಡೋಣ, ಮೊದಲು ಲೋಟ, ಆಮೇಲೆ ಸಂಜೆ ತಿಂಡಿ. ಬೆಳೆಯೋ ಮಗುವಿನ ಊಟ ಕಟ್ ಮಾಡೋ ಪರಿಸ್ಥಿತಿ ಹೆಚ್ಚಿನ ಮನೆಗಳಲ್ಲಿ ಬರೋದೇ ಇಲ್ಲ. ಇನ್ನೊಂದು ಮಾತು, ಇದರಲ್ಲಿ ಮುಕ್ಕಾಲು ಕೆಲಸ ಮಾಡ್ಬೇಕಾಗಿರೋದು ಸಾಮಾನು ತರೋ ದೊಡ್ಡವರು. ಎಂಟು ವರ್ಷದ ಮಗುವಿಗೆ ಮನಸ್ಸು ಗಟ್ಟಿ ಮಾಡ್ಕೋ ಅಂತ ಹೇಳಿ, ಅಡುಗೆಮನೆ ಕಪಾಟಲ್ಲಿ ನಾಲ್ಕು ಥರ ಕ್ರೀಮ್ ಬಿಸ್ಕತ್ ಇಡೋದು ಯಾವ ನ್ಯಾಯ ಹೇಳಿ.

ಲೋಟದಿಂದಲೇ ಯಾಕೆ ಶುರು ಮಾಡ್ಬೇಕು

2012ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಒಂದು ಅಧ್ಯಯನ ಪ್ರಕಟ ಆಯ್ತು. 641 ಮಕ್ಕಳು, ಸುಮಾರು ಐದರಿಂದ ಹನ್ನೊಂದು ವರ್ಷದವರು. ಅರ್ಧ ಮಕ್ಕಳಿಗೆ ದಿನಕ್ಕೆ ಒಂದು 250 ಎಂಎಲ್ ಸಕ್ಕರೆ ಡ್ರಿಂಕ್, ಇನ್ನರ್ಧಕ್ಕೆ ರುಚಿ, ಡಬ್ಬ ಎಲ್ಲಾ ಹಾಗೇ ಇರೋ ಆದ್ರೆ ಸಕ್ಕರೆ ಇಲ್ಲದ ಡ್ರಿಂಕ್. ಯಾರಿಗೆ ಯಾವುದು ಸಿಕ್ತಿದೆ ಅಂತ ಮಕ್ಕಳಿಗೂ ಗೊತ್ತಿಲ್ಲ, ಅಪ್ಪ ಅಮ್ಮನಿಗೂ ಗೊತ್ತಿಲ್ಲ. ಊಟ, ಆಟ ಏನೂ ಬದಲಾಯಿಸೋಕೆ ಹೇಳ್ಲಿಲ್ಲ. ಹದಿನೆಂಟು ತಿಂಗಳಾದ್ಮೇಲೆ ತೂಕ ನೋಡಿದ್ರೆ ಸಕ್ಕರೆ ಡ್ರಿಂಕ್ ಕುಡಿದ ಮಕ್ಕಳು ಸರಾಸರಿ 7.37 ಕೆಜಿ ಹೆಚ್ಚಾಗಿದ್ರು, ಇನ್ನೊಂದು ಗುಂಪು 6.35 ಕೆಜಿ. ಬೆಳೆಯೋ ಮಕ್ಕಳು, ತೂಕ ಏರೋದು ಸಹಜ, ಆದ್ರೆ ದಿನಕ್ಕೆ ಒಂದೇ ಒಂದು ಲೋಟದ ವ್ಯತ್ಯಾಸಕ್ಕೆ ಒಂದು ಕೆಜಿ ಜಾಸ್ತಿ. ಆ ಲೋಟದಲ್ಲಿ ಇದ್ದಿದ್ದು ಬರೀ 104 ಕ್ಯಾಲೊರಿ.

ಕಾರಣ ಏನಂದ್ರೆ, ಕುಡಿದ ಸಕ್ಕರೆ ಹೊಟ್ಟೆಗೆ ಲೆಕ್ಕ ಕೊಡಲ್ಲ. ಒಂದು ದೋಸೆ ತಿಂದ ಮಗು ಮುಂದಿನ ಊಟದಲ್ಲಿ ತಾನಾಗೇ ಸ್ವಲ್ಪ ಕಡಿಮೆ ತಿನ್ನತ್ತೆ, ಅಗಿಯೋದು, ನಾರು, ಹೊಟ್ಟೆ ತುಂಬಿದ ಅನುಭವ ಎಲ್ಲಾ ಸೇರಿ ಸಾಕು ಅಂತ ಸಿಗ್ನಲ್ ಕೊಡತ್ತೆ. ಅಷ್ಟೇ ಕ್ಯಾಲೊರಿ ಇರೋ ಕೂಲ್ ಡ್ರಿಂಕ್ ಕುಡಿದ್ರೆ ಆ ಸಿಗ್ನಲ್ ಸರಿಯಾಗಿ ಬರೋದೇ ಇಲ್ಲ, ರಾತ್ರಿ ಊಟ ಎಂದಿನಷ್ಟೇ ಹೋಗತ್ತೆ. ಅದಕ್ಕೇ ಲೋಟದಲ್ಲಿ ಬದಲಾವಣೆ ಮಾಡೋದು ಸುಲಭ, ಮಗುವಿಗೆ ಹಸಿವು ಕೂಡ ಆಗಲ್ಲ.

ಹೆಜ್ಜೆ 1: ಮೊದಲು ಅಳತೆ ತಗೊಳ್ಳಿ, ಕಣ್ಣಂದಾಜು ಬೇಡ

ನಮ್ಮಲ್ಲಿ ಎರಡೂ ಕಡೆ ತಪ್ಪು ಲೆಕ್ಕ ಇದೆ. ಸರಿಯಾದ ತೂಕದ ಮಗುವನ್ನ ಅಯ್ಯೋ ಸೊರಗಿ ಹೋಗಿದೆ ಅಂತಾರೆ, ತೂಕ ಜಾಸ್ತಿ ಇರೋ ಮಗುವನ್ನ ಮುದ್ದಾಗಿ ಗುಂಡು ಗುಂಡಾಗಿದೆ ಅಂತಾರೆ. ಅದಕ್ಕೆ ಮೂರು ಅಳತೆ ತಗೊಳ್ಳಿ: ಎತ್ತರ (ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ, ಚಪ್ಪಲಿ ಇಲ್ಲದೆ), ತೂಕ, ಸೊಂಟದ ಸುತ್ತಳತೆ. ಐದು ವರ್ಷ ದಾಟಿದ ಮಕ್ಕಳಿಗೆ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರ್ಬೇಕು, ಇದು ಮನೇಲೇ ಟೇಪ್ ಹಿಡ್ಕೊಂಡು ನೋಡಬಹುದಾದ ಲೆಕ್ಕ. 132 ಸೆಂ.ಮೀ. ಎತ್ತರದ ಮಗುವಿಗೆ 66ರ ಒಳಗೆ.

ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದ್ಯಾ ಅಂತ ತೋರಿಸೋ ನಂಬರ್, ಲೆಕ್ಕ ಹಾಕೋದು ದೊಡ್ಡವರ ಥರಾನೇ, ಕೆಜಿಯನ್ನ ಮೀಟರ್‌ನ ವರ್ಗದಿಂದ ಭಾಗಿಸೋದು, ಆದ್ರೆ ಬಂದ ನಂಬರನ್ನ ದೊಡ್ಡವರ ಟೇಬಲ್ಲಲ್ಲಿ ನೋಡ್ಬೇಡಿ. ಮಕ್ಕಳಿಗೆ ವಯಸ್ಸು, ಗಂಡೋ ಹೆಣ್ಣೋ ಅನ್ನೋದರ ಮೇಲೆ ಬದಲಾಗತ್ತೆ. ಭಾರತೀಯ ಮಕ್ಕಳ ವೈದ್ಯರ ಸಂಘ, ಅದೇ ಐಎಪಿ, 2015ರಲ್ಲಿ 5ರಿಂದ 18 ವರ್ಷದವರಿಗೆ ನಮ್ಮ ದೇಶದ ಮಕ್ಕಳದ್ದೇ ಚಾರ್ಟ್ ಮಾಡಿದೆ. ಅದರಲ್ಲಿ ದೊಡ್ಡವರ ಬಿಎಂಐ 23ಕ್ಕೆ ಸಮ, 27ಕ್ಕೆ ಸಮ ಅಂತ ಎರಡು ಗೆರೆ ಇರತ್ತೆ, ಮೊದಲನೇದು ದಾಟಿದ್ರೆ ತೂಕ ಜಾಸ್ತಿ, ಎರಡನೇದು ದಾಟಿದ್ರೆ ಬೊಜ್ಜು. ಲಸಿಕೆ ಹಾಕಿಸೋ ಮಕ್ಕಳ ಡಾಕ್ಟರ್ ಹತ್ರ ಆ ಚಾರ್ಟ್ ಇರತ್ತೆ, ಕೇಳಿದ್ರೆ ಅಲ್ಲೇ ಚುಕ್ಕೆ ಇಟ್ಟು ತೋರಿಸ್ತಾರೆ. ಒಂದು ಸಲದ ಚುಕ್ಕೆಗಿಂತ ಆರಾರು ತಿಂಗಳಿಗೆ ಆ ಚುಕ್ಕೆಗಳು ಯಾವ ಕಡೆ ಹೋಗ್ತಿವೆ ಅನ್ನೋದೇ ಮುಖ್ಯ.

ನಮ್ಮ ದೇಶದಲ್ಲಿ ಮಕ್ಕಳಿಗೆ ಪೌಷ್ಟಿಕತೆ ಕಮ್ಮಿ ಅನ್ನೋ ಸಮಸ್ಯೆ ಇನ್ನೂ ಹೋಗಿಲ್ಲ, ಅದು ನಿಜ. ಅದರ ಪಕ್ಕದಲ್ಲೇ ಇದೂ ಬೆಳೀತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಜಾಸ್ತಿ ಇರೋರು 2015-16ರಲ್ಲಿ 2.1% ಇದ್ದಿದ್ದು 2019-21ಕ್ಕೆ 3.4% ಆಯ್ತು.

ಹೆಜ್ಜೆ 2: ಒಂದು ವಾರ ಏನೂ ಬದಲಾಯಿಸ್ಬೇಡಿ, ಬರೀ ಬರ್ಕೊಳ್ಳಿ

ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ. ಊಟ ಬರೆಯೋದೇ ಬೇಡ. ಊಟದ ಮಧ್ಯೆ ಬಾಯಿಗೆ ಹೋಗಿದ್ದು ಮತ್ತೆ ನೀರು ಬಿಟ್ಟು ಕುಡಿದಿದ್ದು, ಇಷ್ಟು ಮಾತ್ರ. ಯಾರು ಕೊಟ್ರು, ಎಷ್ಟೊತ್ತಿಗೆ ಅಂತಾನೂ ಹಾಕಿ, ಯಾರ ಮೇಲೂ ರೇಗೋಕಲ್ಲ, ಸಮಯ ಗೊತ್ತಾಗ್ಲಿ ಅಂತ.

ಒಂದು ಮಾಮೂಲಿ ಮಂಗಳವಾರ ಹೇಗಿರತ್ತೆ ನೋಡಿ. ಬೆಳಿಗ್ಗೆ ಹಾಲಿಗೆ ಎರಡು ಚಮಚ ಸಕ್ಕರೆ, 10 ಗ್ರಾಂ. ಅದರ ಮೇಲೆ ಒಂದು ದೊಡ್ಡ ಚಮಚ ಚಾಕೊಲೇಟ್ ಪುಡಿ, ಅದರಲ್ಲೇ ಒಂದು 6 ಗ್ರಾಂ. ಹನ್ನೊಂದು ಗಂಟೆ ಸ್ನ್ಯಾಕ್ಸ್ ಡಬ್ಬಿಗೆ ಮೂರು ಕ್ರೀಮ್ ಬಿಸ್ಕತ್, ಸುಮಾರು 10. ಸಂಜೆ ಒಂದು ಸಣ್ಣ ಜ್ಯೂಸ್ ಪ್ಯಾಕೆಟ್, 20. ರಾತ್ರಿ ಮಲಗೋಕೆ ಮುಂಚೆ ಮತ್ತೆ ಅದೇ ಹಾಲು, 16. ಒಟ್ಟು 62 ಗ್ರಾಂ, ಅಂದ್ರೆ ಹನ್ನೆರಡು ಚಮಚ. ಐಸ್‌ಕ್ರೀಮ್ ಇಲ್ಲ, ಚಾಕೊಲೇಟ್ ಇಲ್ಲ, ಯಾರ ಬರ್ತ್‌ಡೇನೂ ಅಲ್ಲ. ಇದರಲ್ಲಿ 52 ಗ್ರಾಂ ಬಂದಿರೋದು ಲೋಟದಿಂದ, ಅದ್ರಲ್ಲೂ ಅರ್ಧಕ್ಕಿಂತ ಹೆಚ್ಚು ಮನೇಲೇ ನಾವೇ ಕಲಸಿ ಕೊಟ್ಟ ಹಾಲಿಂದ.

ಎಷ್ಟಿರ್ಬೇಕು ಅಂದ್ರೆ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿದ್ದು 2ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 25 ಗ್ರಾಂ ಒಳಗೆ, ಎರಡು ವರ್ಷದ ಒಳಗಿನವರಿಗೆ ಹೊರಗಿಂದ ಸೇರಿಸೋ ಸಕ್ಕರೆ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಟ್ಟು ಕ್ಯಾಲೊರಿಯ 10% ಒಳಗೆ ಇರ್ಲಿ, ಆದ್ರೆ 5%ಗೆ ಇಳಿಸಿದ್ರೆ ಇನ್ನೂ ಒಳ್ಳೇದು ಅಂದಿದೆ. ಮನೆ ಲೆಕ್ಕಕ್ಕೆ ದಿನಕ್ಕೆ ಐದು ಚಮಚ ಅಂತ ಇಟ್ಕೊಳ್ಳಿ, ಸಾಕು. ಇಡೀ ಹಣ್ಣಲ್ಲಿ ಇರೋ ಸಿಹಿ, ಹಾಲಲ್ಲಿ ತಾನಾಗೇ ಇರೋ ಸಿಹಿ ಈ ಲೆಕ್ಕಕ್ಕೆ ಬರಲ್ಲ. ಬೆಲ್ಲ, ಜೇನುತುಪ್ಪ, ಜ್ಯೂಸು ಮೂರೂ ಬರತ್ತೆ. ಬೆಲ್ಲ ಆರೋಗ್ಯಕ್ಕೆ ಒಳ್ಳೇದು ಅಂತ ಧಾರಾಳವಾಗಿ ಹಾಕೋರಿಗೆ ಇದು ಬೇಜಾರಾಗಬಹುದು, ಆದ್ರೆ ತೂಕದ ವಿಷಯದಲ್ಲಿ ಬೆಲ್ಲನೂ ಸಕ್ಕರೆನೂ ಅಣ್ಣ ತಮ್ಮಂದಿರೇ.

ಹೆಜ್ಜೆ 3: ಪ್ಯಾಕೆಟ್ಟಿನ ಹಿಂಭಾಗ ಓದೋದು

ಮುಂಭಾಗದಲ್ಲಿ ಹಣ್ಣಿನ ಚಿತ್ರ ಇರತ್ತೆ, ಅದನ್ನ ಬಿಡಿ. ಹಿಂದೆ ಎರಡು ಕಡೆ ನೋಡಿ. ಒಂದು, ಪದಾರ್ಥಗಳ ಪಟ್ಟಿ. ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದು ಮೊದಲು ಬರೀಬೇಕು ಅನ್ನೋದು ನಿಯಮ, ಹಾಗಾಗಿ ಮೊದಲ ಮೂರರಲ್ಲಿ ಸಕ್ಕರೆ ಇದ್ರೆ ಅದು ಸಿಹಿತಿಂಡಿ, ಹೆಸರು ಏನೇ ಇರ್ಲಿ. ಸಕ್ಕರೆ ಬೇರೆ ಬೇರೆ ವೇಷದಲ್ಲೂ ಬರತ್ತೆ: ಇನ್‌ವರ್ಟ್ ಸಿರಪ್, ಲಿಕ್ವಿಡ್ ಗ್ಲುಕೋಸ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಕಾರ್ನ್ ಸಿರಪ್. ಮಾಲ್ಟೊಡೆಕ್ಸ್‌ಟ್ರಿನ್ ಅಂತ ಇನ್ನೊಂದಿದೆ, ಅದನ್ನ ಸಕ್ಕರೆ ಅಂತ ಕರೆಯಲ್ಲ, ಆದ್ರೆ ಹೊಟ್ಟೆಗೆ ಹೋದ್ಮೇಲೆ ಬೇಗನೆ ಗ್ಲುಕೋಸ್ ಆಗತ್ತೆ.

ಎರಡನೇದು, ಪೌಷ್ಟಿಕಾಂಶದ ಟೇಬಲ್. ಟೋಟಲ್ ಶುಗರ್ (ಒಟ್ಟು ಸಕ್ಕರೆ), ಆ್ಯಡೆಡ್ ಶುಗರ್ (ಹೊರಗಿಂದ ಸೇರಿಸಿದ ಸಕ್ಕರೆ) ಅಂತ ಎರಡು ಸಾಲು ಇರತ್ತೆ, ನಮಗೆ ಬೇಕಾಗಿರೋದು ಎರಡನೇದು. ಪಕ್ಕದಲ್ಲಿ ಆರ್‌ಡಿಎ (ದಿನದ ಪ್ರಮಾಣ) ಇಷ್ಟು ಪರ್ಸೆಂಟ್ ಅಂತ ಹಾಕಿರ್ತಾರೆ, ಇಲ್ಲಿ ಹುಷಾರು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅದೇ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಆ ಪರ್ಸೆಂಟ್ 2000 ಕ್ಯಾಲೊರಿ ತಿನ್ನೋ ದೊಡ್ಡವರಿಗೆ, ದಿನಕ್ಕೆ 50 ಗ್ರಾಂ ಆ್ಯಡೆಡ್ ಶುಗರ್ ಅನ್ನೋ ಲೆಕ್ಕದಲ್ಲಿ ಇರೋದು. ಪ್ಯಾಕೆಟ್ ಮೇಲೆ 40% ಅಂತ ಇದ್ರೆ ಅದು 20 ಗ್ರಾಂ, ನಿಮ್ಮ ಮಗುವಿನ 25 ಗ್ರಾಂ ಲೆಕ್ಕದಲ್ಲಿ ಅದು 80%. ಪರ್ಸೆಂಟ್ ಬಿಟ್ಟು ಗ್ರಾಂ ಓದಿ, ಐದರಿಂದ ಭಾಗಿಸಿ, ಚಮಚ ಸಿಕ್ತು. ಕೆಲವು ಕಡೆ ಇಡೀ ಪ್ಯಾಕೆಟ್ಟಿಗೆ ಅಂತ ಬರೆಯೋ ಬದಲು ಒಂದು ಸರ್ವಿಂಗ್‌ಗೆ ಅಂತ ಬರೆದು, ಪ್ಯಾಕೆಟ್ಟಲ್ಲಿ ಎರಡೂವರೆ ಸರ್ವಿಂಗ್ ಇಟ್ಟಿರ್ತಾರೆ, ಮಗು ಪೂರ್ತಿ ಪ್ಯಾಕೆಟ್ ಖಾಲಿ ಮಾಡತ್ತೆ, ಅದನ್ನೂ ನೋಡ್ಕೊಳ್ಳಿ. ಹೊರದೇಶದಲ್ಲಿರೋ ನಮ್ಮವರು ಊರಿಗೆ ಬಂದಾಗ ಅದೇ ಬ್ರ್ಯಾಂಡ್ ತಾನೇ ಅಂತ ಕೊಡಿಸ್ತಾರೆ. ಇಂಗ್ಲೆಂಡಲ್ಲಿ 2018ರಿಂದ ಸಕ್ಕರೆ ಡ್ರಿಂಕ್ ಮೇಲೆ ತೆರಿಗೆ ಹಾಕಿದ್ಮೇಲೆ ಎಷ್ಟೋ ಕಂಪನಿಗಳು ಅಲ್ಲಿ ಸಕ್ಕರೆ ಇಳಿಸಿದ್ವು, ಹಾಗಂತ ಇಲ್ಲಿ ಮಾರೋದ್ರಲ್ಲೂ ಇಳಿದಿರತ್ತೆ ಅಂತ ಅಂದ್ಕೋಬೇಡಿ, ಇಲ್ಲಿನ ಲೇಬಲ್ಲೇ ಓದಿ.

ಇದನ್ನ ಮಗು ಜೊತೆ ಕೂತು ಮಾಡಿದ್ರೆ ಮಜಾ ಇರತ್ತೆ. ಡೈನಿಂಗ್ ಟೇಬಲ್ ಮೇಲೆ ಮಗುವಿಗೆ ಇಷ್ಟದ ಡ್ರಿಂಕ್ ಬಾಟ್ಲು, ಪಕ್ಕದಲ್ಲಿ ಒಂದು ಖಾಲಿ ಗಾಜಿನ ಲೋಟ, ಸಕ್ಕರೆ ಡಬ್ಬ, ಚಮಚ. 100 ಎಂಎಲ್‌ಗೆ ಎಷ್ಟು ಅಂತ ಮಗುನೇ ಓದ್ಲಿ, ಬಾಟ್ಲು ಎಷ್ಟು ಎಂಎಲ್ ಅಂತ ಗುಣಿಸ್ಲಿ, ಅಷ್ಟು ಚಮಚ ಅದೇ ಕೈಯಾರೆ ಲೋಟಕ್ಕೆ ಹಾಕ್ಲಿ. 250 ಎಂಎಲ್ ಕೋಲಾದಲ್ಲಿ ಸುಮಾರು 26 ಗ್ರಾಂ ಇರತ್ತೆ, ಐದು ಚಮಚ ಹಾಕಿದ್ಮೇಲೂ ಇನ್ನೊಂಚೂರು ಬೇಕು. ನಾಲ್ಕನೇ ಚಮಚದ ಹೊತ್ತಿಗೆ ಮಕ್ಕಳು ಇನ್ನೂ ಇದ್ಯಾ ಅಂತ ಮುಖ ನೋಡ್ತಾರೆ. ನೀವು ಭಾಷಣ ಮಾಡೋಕೆ ಹೋಗ್ಬೇಡಿ, ಲೋಟ ಅಲ್ಲೇ ಬಿಟ್ಟು ಸುಮ್ಮನೆ ಎದ್ದು ಹೋಗಿ.

ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆಲ್ಲಾ ಶುಗರ್ ಬೋರ್ಡ್, ಅಂದ್ರೆ ಯಾವ ತಿಂಡಿ, ಡ್ರಿಂಕಲ್ಲಿ ಎಷ್ಟು ಸಕ್ಕರೆ ಇದೆ ಅಂತ ತೋರಿಸೋ ಫಲಕ, ಹಾಕಿ ಅಂತ ಹೇಳಿದ್ದು ಇದೇ ವಿಷಯಕ್ಕೆ. ನಿಮ್ಮ ಮಗುವಿನ ಸ್ಕೂಲಲ್ಲಿ ಬೋರ್ಡ್ ಇದ್ರೆ ಅದರಲ್ಲಿ ಏನಿದೆ ಅಂತ ಮಗುನ ಕೇಳಿ, ಮಾತು ಶುರು ಮಾಡೋಕೆ ಅದೇ ಸಾಕು.

ಹೆಜ್ಜೆ 4: ಲೋಟ ಬದಲಾಯಿಸೋದು

ಎಲ್ಲಾ ಒಂದೇ ದಿನ ಬೇಡ, ಆದ್ರೆ ಎಲ್ಲಾನೂ ನಿಧಾನ ಮಾಡ್ಬೇಕಾಗಿಲ್ಲ. ಹೊರಗಿಂದ ತರೋದು ಒಂದೇ ಸಲ ನಿಲ್ಲಿಸಬಹುದು, ಮನೇಲಿ ಕಲಸೋದು ನಿಧಾನಕ್ಕೆ ಇಳಿಸ್ಬೇಕು.

ಕೂಲ್ ಡ್ರಿಂಕ್, ಮ್ಯಾಂಗೋ ಡ್ರಿಂಕ್, ಜ್ಯೂಸ್ ಪ್ಯಾಕೆಟ್: ಫ್ರಿಜ್ಜಲ್ಲಿ ಇರೋದು ಖಾಲಿ ಆಗ್ಲಿ, ಮತ್ತೆ ತರ್ಬೇಡಿ. ಎರಡು ಲೀಟರ್ ಬಾಟ್ಲು ಆಫರಲ್ಲಿ ಅಗ್ಗ ಅಂತ ತರೋದು ಮೊದಲು ನಿಲ್ಲಲಿ, ಅದು ಮನೇಲಿದ್ರೆ ದೊಡ್ಡವರಿಗೇ ಕೈ ತಡೆಯಲ್ಲ. ಮದುವೆ ಮನೇಲೋ ಪ್ರಯಾಣದಲ್ಲೋ ಕುಡಿದ್ರೆ ಕುಡೀಲಿ, ಅದನ್ನ ದೊಡ್ಡದು ಮಾಡ್ಬೇಡಿ. ಮನೇಲಿ ಇರಲ್ಲ, ಅಷ್ಟೇ ನಿಯಮ. ಅಪ್ಪಂದಿರು ಮಗುವಿಗೆ ಕಾಣದ ಹಾಗೆ ಕುಡಿಯೋದೂ ಬೇಡ, ಅವಕ್ಕೆ ಗೊತ್ತಾಗೇ ಆಗತ್ತೆ.

ಮನೇಲಿ ಹಿಂಡಿದ ಜ್ಯೂಸ್: ಇಲ್ಲಿ ತುಂಬಾ ಜನ ವಾದ ಮಾಡ್ತಾರೆ, ಫ್ರೆಶ್ ಅಲ್ವಾ ಅಂತ. ಒಂದು ಲೋಟಕ್ಕೆ ಮೂರ್ನಾಲ್ಕು ಕಿತ್ತಳೆ ಹೋಗತ್ತೆ, ಅಷ್ಟನ್ನ ಮಗು ಒಂದೇ ಸಲ ಸುಲಿದು ತಿನ್ನತ್ತಾ? ನಾರು ಸೋಸಿ ಎಸೆದು, ಸಿಹಿ ಮಾತ್ರ ಉಳಿಸ್ಕೊಂಡು, ಮೇಲಿಂದ ಇನ್ನೊಂದು ಚಮಚ ಸಕ್ಕರೆ ಬೇರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಒಂದು ವರ್ಷದೊಳಗೆ ಜ್ಯೂಸ್ ಬೇಡ, ಒಂದರಿಂದ ಮೂರು ವರ್ಷಕ್ಕೆ ದಿನಕ್ಕೆ ಹೆಚ್ಚಂದ್ರೆ ಸುಮಾರು 120 ಎಂಎಲ್ ಅಂತ ಹೇಳಿತು, ಅದೂ ಸಕ್ಕರೆ ಹಾಕದ ನೂರಕ್ಕೆ ನೂರು ಹಣ್ಣಿನ ರಸ. ಹಣ್ಣು ಹಣ್ಣಾಗೇ ಕೊಡಿ, ಮುಗೀತು. ಕಬ್ಬಿನ ಹಾಲು ಅಪರೂಪಕ್ಕೆ ಚೆನ್ನ, ದಿನಾ ಸಂಜೆ ವಾಕಿಂಗ್ ಹೋಗಿ ಕಬ್ಬಿನ ಹಾಲು ಕುಡ್ಕೊಂಡು ಬರೋದಾದ್ರೆ ಮನೇಲೇ ಕೂತಿರೋದು ವಾಸಿ.

ಹಾಲಿನ ಪುಡಿಗಳು: ಎತ್ತರ ಬೆಳೀತಾರೆ, ಬುದ್ಧಿ ಚುರುಕಾಗತ್ತೆ ಅಂತ ಟೀವೀಲಿ ಬರೋವು. ಇವುಗಳಲ್ಲಿ ಎಷ್ಟೋ ಪುಡಿಗಳಲ್ಲಿ ಮೂರನೇ ಒಂದು ಭಾಗದಷ್ಟು ಸಕ್ಕರೆನೇ ಇರತ್ತೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥವನ್ನ ಹೆಲ್ತ್ ಡ್ರಿಂಕ್ ಅನ್ನೋ ಪಟ್ಟಿಯಿಂದ ತೆಗೀರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಸೂಚನೆ ಕೊಡ್ತು, ಯಾಕಂದ್ರೆ ಆಹಾರ ಸುರಕ್ಷತಾ ಕಾಯ್ದೇಲಿ ಹೆಲ್ತ್ ಡ್ರಿಂಕ್ ಅನ್ನೋ ವರ್ಗವೇ ಇಲ್ಲ. ಪುಡಿ ಇಲ್ಲದೆ ಮಗು ಹಾಲು ಮುಟ್ಟೋದೇ ಇಲ್ಲ ಅನ್ನೋರು ಹೀಗೆ ಮಾಡಿ: ಮೊದಲು ಮೇಲಿಂದ ಹಾಕೋ ಸಕ್ಕರೆ ಪೂರ್ತಿ ನಿಲ್ಲಿಸಿ, ಪುಡೀಲೇ ಸಾಕಷ್ಟು ಸಿಹಿ ಇದೆ. ಹತ್ತು ಹನ್ನೆರಡು ದಿನ ಬಿಟ್ಟು ಪುಡಿ ಮುಕ್ಕಾಲು ಚಮಚ, ಆಮೇಲೆ ಅರ್ಧ, ಹೀಗೆ. ಬರೀ ಸಕ್ಕರೆ ಹಾಕಿ ಕೊಡೋರು ಎರಡು ಚಮಚದಿಂದ ಒಂದೂವರೆ, ಒಂದು, ಅರ್ಧ ಅಂತ ಬನ್ನಿ. ನಾಲಿಗೆ ಕೆಲವು ವಾರದಲ್ಲಿ ಹೊಂದ್ಕೊಳ್ಳತ್ತೆ, ಆಮೇಲೆ ಹಳೇ ಅಳತೆ ಕೊಟ್ರೆ ಅದಕ್ಕೇ ಅತಿ ಸಿಹಿ ಅನ್ಸತ್ತೆ. ಏಲಕ್ಕಿ ಪುಡಿ ಒಂದು ಚಿಟಿಕೆ ಹಾಕಿದ್ರೆ ಈ ಇಳಿಸಾಟ ಅಷ್ಟಾಗಿ ಗೊತ್ತಾಗಲ್ಲ. ಇನ್ನೊಂದು, ಹಾಲು ದಿನಕ್ಕೆ 400ರಿಂದ 500 ಎಂಎಲ್ ಸಾಕು. ಊಟ ಮಾಡ್ಲಿಲ್ಲ ಅಂತ ಮತ್ತೊಂದು ಲೋಟ ಹಾಲು ಕೊಟ್ರೆ ನಾಳೆನೂ ಊಟ ಮಾಡಲ್ಲ, ಕಬ್ಬಿಣದ ಅಂಶನೂ ಕಡಿಮೆ ಆಗತ್ತೆ.

ಓಆರ್‌ಎಸ್ ಅಂತ ಮಾರ್ತಿದ್ದ ಜ್ಯೂಸ್‌ಗಳು: ಸುಸ್ತು, ಬಿಸಿಲು, ಜ್ವರ ಅಂದ್ರೆ ಮೆಡಿಕಲ್ ಸ್ಟೋರಿಂದ ಆರೆಂಜ್ ಫ್ಲೇವರಿನ ಪ್ಯಾಕೆಟ್ ತರೋ ಅಭ್ಯಾಸ ಎಷ್ಟೋ ಮನೇಲಿದೆ. ನಿಜವಾದ ಓಆರ್‌ಎಸ್ ಅಂದ್ರೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲುಕೋಸ್ ಮತ್ತೆ ಅಳತೆಗೆ ತಕ್ಕ ಲವಣಗಳು. ಜ್ಯೂಸ್ ಥರದವುಗಳಲ್ಲಿ ಸಕ್ಕರೆ ಅದಕ್ಕಿಂತ ಎಷ್ಟೋ ಪಟ್ಟು ಇರ್ತಿತ್ತು, ಭೇದಿ ಆಗ್ತಿರೋ ಮಗುವಿಗೆ ಅದು ಭೇದಿ ಜಾಸ್ತಿ ಮಾಡತ್ತೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದು ಹೋರಾಡಿದ್ರು, 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆ ಫಾರ್ಮುಲಾ ಪಾಲಿಸದ ಡ್ರಿಂಕ್‌ಗಳ ಮೇಲೆ ಓಆರ್‌ಎಸ್ ಅನ್ನೋ ಪದ ಹಾಕೋ ಹಾಗಿಲ್ಲ ಅಂತ ಆದೇಶ ಮಾಡ್ತು. ಭೇದಿ ಆದಾಗ ವಿಶ್ವ ಆರೋಗ್ಯ ಸಂಸ್ಥೆ ಫಾರ್ಮುಲಾ ಅಂತ ಬರೆದಿರೋ ಪುಡಿ ತಂದು ಹೇಳಿದಷ್ಟೇ ನೀರಿಗೆ ಕಲಸಿ. ಸುಮ್ಮನೆ ಬಿಸಿಲಿಗೆ ಆಡಿ ಬಂದ ಮಗುವಿಗೆ ಓಆರ್‌ಎಸ್ ಯಾಕೆ, ನೀರು ಮಜ್ಜಿಗೆ ಸಾಕು.

ಎನರ್ಜಿ ಡ್ರಿಂಕ್: ಹೈಸ್ಕೂಲ್ ಮಕ್ಕಳ ಕೈಯಲ್ಲಿ ಈಗ ಇದು ಜಾಸ್ತಿ ಕಾಣ್ತಿದೆ, ಇಪ್ಪತ್ತು ರೂಪಾಯಿಗೆ ಸಿಗತ್ತೆ ಅಂತ. ಅದರ ಮೇಲೇ ಮಕ್ಕಳಿಗೆ, ಗರ್ಭಿಣಿಯರಿಗೆ ಸೂಕ್ತ ಅಲ್ಲ ಅಂತ ಬರೆದಿರತ್ತೆ, ಸಣ್ಣ ಅಕ್ಷರದಲ್ಲಿ. ಸಕ್ಕರೆ ಜೊತೆ ಕೆಫೀನ್, ನಿದ್ದೆ ಹಾಳು. ಇದೊಂದರಲ್ಲಿ ರಿಯಾಯ್ತಿ ಬೇಡ. ಹಾಗಾದ್ರೆ ಸಕ್ಕರೆ ಇಲ್ಲದ ಜೀರೋ ಡ್ರಿಂಕ್ ಕೊಡಬಹುದಾ ಅಂದ್ರೆ, ತೂಕ ಇಳಿಸೋಕೆ ಅಂತ ಕೃತಕ ಸಿಹಿ ಬಳಸ್ಬೇಡಿ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಸಿಹಿ ಚಟನೂ ಹಾಗೇ ಉಳಿಯತ್ತೆ.

ಬದಲಿಗೆ ಏನು? ನೀರು. ಮಗುವಿಗೆ ತನ್ನದೇ ಬಾಟ್ಲು, ಮನೇಲೂ. ಮಣ್ಣಿನ ಹೂಜೀಲಿ ಲಾವಂಚದ ಬೇರು ಹಾಕಿಟ್ಟ ನೀರು, ಬೇಸಿಗೇಲಿ ಇಂಗು, ಕರಿಬೇವು ಹಾಕಿದ ನೀರು ಮಜ್ಜಿಗೆ, ಉಪ್ಪು ಹಾಕಿದ ನಿಂಬೆ ಶರಬತ್ತು, ರಾಗಿ ಅಂಬಲಿ, ಎಳನೀರು. ಪಾನಕ ರಾಮನವಮಿಗೆ ಇರ್ಲಿ, ವರ್ಷವಿಡೀ ಬೇಡ.

ಹೆಜ್ಜೆ 5: ಸಂಜೆ ನಾಲ್ಕೂವರೆ ಗಂಟೆ

ಎಲ್ಲಾ ಹಾಳಾಗೋದು ಈ ಹೊತ್ತಲ್ಲೇ. ಮಧ್ಯಾಹ್ನದ ಡಬ್ಬಿ ಹನ್ನೆರಡೂವರೆಗೆ ತಿಂದಿರತ್ತೆ, ಅದೂ ಅರ್ಧ ಬಿಟ್ಟು, ಬಸ್ಸಲ್ಲಿ ಮುಕ್ಕಾಲು ಗಂಟೆ ಕೂತು ಬಂದಿರತ್ತೆ. ಬ್ಯಾಗ್ ಸೋಫಾ ಮೇಲೆ ಎಸೆದು ಮಗು ನೇರ ಕಪಾಟಿನ ಕಡೆ ಹೋಗತ್ತೆ. ಅದು ನಿಜವಾದ ಹಸಿವು, ಬಾಯಿ ಚಪಲ ಅಲ್ಲ. ಆ ಹಸಿವಿಗೆ ನಾವು ಕೊಡೋದು ಬಿಸ್ಕತ್ತು, ಚಿಪ್ಸು, ಆರು ಗಂಟೆಗೆ ಬೇಕರಿ ಪಫ್ಸು, ಒಂಬತ್ತು ಗಂಟೆಗೆ ಊಟ ಬೇಡ ಅಂತ ಅಳು.

ಉಪಾಯ ಅಂದ್ರೆ ಈ ಹೊತ್ತಿಗೆ ಸ್ನ್ಯಾಕ್ಸ್ ಅನ್ನೋ ಯೋಚನೆನೇ ಬಿಟ್ಟು ಸಣ್ಣ ಊಟ ಕೊಡೋದು. ಬೆಳಿಗ್ಗೆ ಹಿಟ್ಟು ಉಳಿದಿದ್ರೆ ಒಂದು ದೋಸೆ ಪಲ್ಯ, ಒಗ್ಗರಣೆ ಅವಲಕ್ಕಿ ಮೇಲೆ ಕಡ್ಲೆಬೀಜ, ಬೇಯಿಸಿದ ಮೊಟ್ಟೆ, ಉತ್ತರ ಕರ್ನಾಟಕದ ಕಡೆಯವರಾದ್ರೆ ರೊಟ್ಟಿ ಕಾಳುಪಲ್ಯ ಇಲ್ಲಾ ಈರುಳ್ಳಿ ಟೊಮೆಟೊ ಜಾಸ್ತಿ ಹಾಕಿದ ಗಿರ್ಮಿಟ್ಟು. ಕಾಲಕ್ಕೆ ತಕ್ಕ ಹಾಗೆ ಗೆಣಸು, ಬೇಯಿಸಿದ ಕಡ್ಲೆಕಾಯಿ, ಮುಸುಕಿನ ಜೋಳ, ಉಪ್ಪು ಖಾರ ಹಚ್ಚಿದ ಸೀಬೆಹಣ್ಣು. ಐದು ವರ್ಷದ ಒಳಗಿನ ಮಕ್ಕಳಿಗೆ ಇಡೀ ಕಡ್ಲೆಬೀಜ ಕೊಡ್ಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ, ಪುಡಿ ಮಾಡಿ ಹಾಕಿ.

ಕೆಲಸಕ್ಕೆ ಹೋಗೋರಿಗೆ ನಂಬಬಹುದಾದ್ದು ಮೊಳಕೆ ಹೆಸರುಕಾಳು. ಭಾನುವಾರ ಬೆಳಿಗ್ಗೆ ಎರಡು ಲೋಟ ಕಾಳು ನೆನೆಸಿ, ರಾತ್ರಿ ನೀರು ಬಸಿದು ಒದ್ದೆ ಬಟ್ಟೇಲಿ ಕಟ್ಟಿಡಿ, ಸೋಮವಾರ ಸಂಜೆ ಹೊತ್ತಿಗೆ ಮೂತಿ ಒಡೆದಿರತ್ತೆ, ಡಬ್ಬಕ್ಕೆ ಹಾಕಿ ಫ್ರಿಜ್ಜಲ್ಲಿ ಇಟ್ರೆ ಎರಡು ಮೂರು ದಿನ ಬರತ್ತೆ. ಬಾಣಲೆಗೆ ಒಂದು ಚಮಚ ಎಣ್ಣೆ, ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿ, ಕಾಳು ಹಾಕಿ ನೀರು ಚಿಮುಕಿಸಿ ಮುಚ್ಚಿಟ್ರೆ ಎಂಟು ಹತ್ತು ನಿಮಿಷ. ಇಳಿಸಿದ್ಮೇಲೆ ಕಾಯಿತುರಿ, ನಿಂಬೆಹಣ್ಣು, ಮಗುವಿಗೆ ಇಷ್ಟ ಆದ್ರೆ ಮೇಲೆ ಒಂದು ಹಿಡಿ ಮಂಡಕ್ಕಿ. ಮಂಡಕ್ಕಿ ಹಾಕಿದ್ರೆ ಮಕ್ಕಳಿಗೆ ಅದು ಚಾಟ್ ಆಗಿಬಿಡತ್ತೆ.

ಮನೇಲಿ ಕರಿದ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಬಗ್ಗೆ ಒಂದು ಮಾತು. ನನಗೂ ಪ್ರಾಣ. ಆದ್ರೆ ಮನೇಲಿ ಮಾಡಿದ್ದು ಅನ್ನೋ ಕಾರಣಕ್ಕೆ ಕ್ಯಾಲೊರಿ ಕಡಿಮೆ ಆಗಲ್ಲ, ಎಣ್ಣೇಲಿ ಕರಿದಿದ್ದು ಕರಿದಿದ್ದೇ, ನೂರು ಗ್ರಾಂಗೆ ಚಿಪ್ಸಿನ ಹತ್ರ ಹತ್ರಾನೇ ಬರತ್ತೆ. ಹಬ್ಬಕ್ಕೆ ಮಾಡಿ, ತಟ್ಟೇಲಿ ಎರಡು ಕೊಟ್ಟು ಡಬ್ಬ ಮೇಲಿನ ಅಟ್ಟಕ್ಕೆ ಹೋಗ್ಲಿ.

ಹೆಜ್ಜೆ 6: ಕುರುಕಲಿಗೆ ಜಾಗ, ಹೊತ್ತು, ಅಳತೆ

ದಿನಕ್ಕೆ ಮೂರು ಊಟ, ಎರಡು ಸಣ್ಣ ತಿಂಡಿ. ಮಧ್ಯದಲ್ಲಿ ಅಡುಗೆಮನೆ ಬಂದ್, ನೀರು ಮಾತ್ರ. ಏನು ಕೊಡೋದು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರು ತೀರ್ಮಾನ ಮಾಡಿ. ಎಷ್ಟು ತಿನ್ಬೇಕು ಅನ್ನೋದು ಮಗುವಿಗೆ ಬಿಡಿ. ಇನ್ನೊಂದು ತುತ್ತು, ಅಜ್ಜಿಗೋಸ್ಕರ ಒಂದು ತುತ್ತು ಅಂತ ತುರುಕೋದೂ ಬೇಡ, ತಿಂತಿರೋದನ್ನ ಕಿತ್ಕೊಳ್ಳೋದೂ ಬೇಡ. ಹೊಟ್ಟೆ ತುಂಬಿದ್ದು ಗೊತ್ತಾಗೋ ಶಕ್ತಿ ಮಕ್ಕಳಿಗೆ ಹುಟ್ಟಿನಿಂದಲೇ ಇರತ್ತೆ, ನಾವು ಒತ್ತಾಯ ಮಾಡಿ ಮಾಡಿ ಅದನ್ನ ಕೆಡಿಸ್ತೀವಿ.

ಪ್ಯಾಕೆಟ್ಟಿಂದ ನೇರ ತಿನ್ನೋದು ಬೇಡ, ಬಟ್ಟಲಿಗೆ ಹಾಕಿ ಪ್ಯಾಕೆಟ್ ಒಳಗಿಡಿ. ಟೀವಿ, ಮೊಬೈಲ್ ಮುಂದೆ ತಿನ್ನೋದು ಪೂರ್ತಿ ಬಂದ್, ಇದು ಮೊದಲೆರಡು ವಾರ ಯುದ್ಧನೇ. ಯೂಟ್ಯೂಬ್ ಇಲ್ಲದೆ ಬಾಯಿ ತೆರೆಯದ ಮಗು ಒಂದೆರಡು ಊಟ ಅರ್ಧಂಬರ್ಧ ಮಾಡಬಹುದು, ಆರೋಗ್ಯವಾಗಿರೋ ಮಗುವಿಗೆ ಅದರಿಂದ ಏನೂ ಆಗಲ್ಲ. ಚಾಕೊಲೇಟ್, ಐಸ್‌ಕ್ರೀಮ್ ಪೂರ್ತಿ ನಿಷೇಧ ಮಾಡಿದ್ರೆ ಮಗು ಕದ್ದು ತಿನ್ನೋದು ಕಲಿಯತ್ತೆ. ವಾರಕ್ಕೊಂದು ದಿನ ಅಂತ ಇಡಿ, ಆ ದಿನ ಖುಷಿಯಾಗಿ ಕೊಡಿ. ಹೋಮ್‌ವರ್ಕ್ ಮುಗಿಸಿದ್ರೆ ಚಾಕೊಲೇಟ್ ಅನ್ನೋ ಲಂಚ ಮಾತ್ರ ಬೇಡ.

ಹೆಜ್ಜೆ 7: ಅಜ್ಜಿ ತಾತ, ಸ್ಕೂಲು, ಬರ್ತ್‌ಡೇ

ಅಜ್ಜಿ ತಾತ ಇರೋ ಮನೇಲಿ ಮಗುವಿಗೆ ಏನಾದ್ರೂ ಕೊಡೋದು ಅವರ ಪ್ರೀತಿ, ಅದನ್ನ ನಿಲ್ಲಿಸೋಕೆ ಹೋದ್ರೆ ಮನಸ್ತಾಪ ಗ್ಯಾರಂಟಿ. ಕೊಡೋ ಕೈ ನಿಲ್ಲೋದು ಬೇಡ, ಕೈಯಲ್ಲಿರೋದು ಬದಲಾಗ್ಲಿ. "ಅತ್ತೆ, ಸ್ಕೂಲಿಂದ ಬಂದ ತಕ್ಷಣ ಅವನಿಗೆ ನೀವೇ ಹಣ್ಣು ಹೆಚ್ಚಿ ಕೊಡಿ, ನಾನು ಕೊಟ್ರೆ ತಿನ್ನಲ್ಲ" ಅಂದು ನೋಡಿ, ಹೆಚ್ಚಿನ ಸಲ ಕೆಲಸ ಮಾಡತ್ತೆ. ಮಾವನವರಿಗೆ ಸಂಜೆ ಕಾಫಿ ಜೊತೆ ಬಿಸ್ಕತ್ ಬೇಕೇ ಬೇಕು ಅಂದ್ರೆ ಅದು ಅವರ ರೂಮಲ್ಲಿ ಇರ್ಲಿ. ಡಾಕ್ಟರ್ ಹತ್ರ ಹೋಗುವಾಗ ಒಂದು ಸಲ ಅವರನ್ನೂ ಕರ್ಕೊಂಡು ಹೋಗಿ, ಸೊಸೆ ಹೇಳಿದ್ರೆ ಉಪದೇಶ, ಡಾಕ್ಟರ್ ಹೇಳಿದ್ರೆ ಔಷಧಿ.

ಸ್ಕೂಲ್ ವಿಷಯದಲ್ಲಿ ಒಂದು ನಿಯಮ ಗೊತ್ತಿರ್ಲಿ. ಎಫ್‌ಎಸ್‌ಎಸ್‌ಎಐನ 2020ರ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿಗಳನ್ನ ಶಾಲೆ ಆವರಣದಲ್ಲಿ, ಗೇಟಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರೋ ಹಾಗಿಲ್ಲ. ಗೇಟ್ ಮುಂದೆ ಅಂಗಡಿಗಳ ಸಾಲು ನೋಡಿದವರಿಗೆ ಇದು ನಗು ತರಿಸಬಹುದು, ಆದ್ರೂ ಪೇರೆಂಟ್ಸ್ ಮೀಟಿಂಗಲ್ಲಿ ಕ್ಯಾಂಟೀನ್ ಬಗ್ಗೆ ಕೇಳೋಕೆ ಇದು ಕೈಯಲ್ಲಿರ್ಲಿ, ಒಬ್ಬರೇ ಕೇಳೋದಕ್ಕಿಂತ ನಾಲ್ಕು ಜನ ಸೇರಿ ಕೇಳಿ. ಬರ್ತ್‌ಡೇಗೆ ನಿಮ್ಮ ಮಗು ಹಂಚೋದು ಪೆನ್ಸಿಲ್ಲೋ ಸ್ಟಿಕ್ಕರ್ರೋ ಆಗ್ಲಿ. ಬೇರೆಯವರು ಕೊಟ್ಟ ಚಾಕೊಲೇಟ್ ಮಗು ತಿನ್ಲಿ ಬಿಡಿ.

ಆಟ, ನಿದ್ದೆ

ಐದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಏದುಸಿರು ಬರೋ ಆಟ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ. ನಿದ್ದೆಗೆಟ್ಟ ಮಗುವಿಗೆ ಮಾರನೇ ದಿನ ಹಸಿವೂ ಜಾಸ್ತಿ, ಸಿಹಿ ಕರಿದಿದ್ದರ ಆಸೆನೂ ಜಾಸ್ತಿ. ಟ್ಯೂಷನ್ ಎಂಟು ಗಂಟೆಗೆ ಬಿಟ್ಟು, ಹತ್ತಕ್ಕೆ ಊಟ, ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಎದ್ರೆ ಲೆಕ್ಕ ಎಲ್ಲಿ ಸರಿ ಹೋಗತ್ತೆ. ಹಾಗಂತ ಆಟ ಆಡ್ಸಿ ಕರಗಿಸ್ತೀನಿ ಅಂತ ಡ್ರಿಂಕ್ ಮುಂದುವರೆಸೋದೂ ಆಗಲ್ಲ, ಐದು ನಿಮಿಷದಲ್ಲಿ ಕುಡಿದಿದ್ದನ್ನ ಕರಗಿಸೋಕೆ ಮಗು ಎಷ್ಟು ಓಡ್ಬೇಕು ಯೋಚಿಸಿ.

ಮನೇಲಿ ಆಡೋ ಮಾತು

ಡುಮ್ಮ, ಗುಂಡ, ಆನೆಮರಿ, ಇವನ್ನ ಪ್ರೀತಿಯಿಂದ ಅಂದ್ರೂ ನಿಲ್ಲಿಸಿ, ನೆಂಟರು ಅಂದ್ರೆ ಅಲ್ಲೇ ತಡೀರಿ. ತೂಕ ಅನ್ನೋ ಪದ ಮಗುವಿನ ಮುಂದೆ ಬೇಕಾಗಿಲ್ಲ, ಶಕ್ತಿ, ಓಟ, ಹಲ್ಲು ಅಂತ ಮಾತಾಡಿ. ಒಂದೇ ಮನೇಲಿ ತೆಳ್ಳಗಿರೋ ಅಕ್ಕನಿಗೆ ಐಸ್‌ಕ್ರೀಮು, ದಪ್ಪಗಿರೋ ತಮ್ಮನಿಗೆ ಸೌತೆಕಾಯಿ, ಇದಂತೂ ಬೇಡವೇ ಬೇಡ. ಸಕ್ಕರೆ ತೆಳ್ಳಗಿರೋರ ಹಲ್ಲನ್ನೂ ಬಿಡಲ್ಲ, ನಿಯಮ ಮಾಡಿದ್ರೆ ಮನೆಗೆಲ್ಲಾ ಒಂದೇ.

ಡಾಕ್ಟರ್ ಹತ್ರ ಯಾವಾಗ

ಮೂರು ತಿಂಗಳಿಗೊಮ್ಮೆ ಅದೇ ಅಳತೆಗಳನ್ನ ತಗೊಳ್ಳಿ, ದಿನಾ ತೂಕದ ಮೆಷಿನ್ ಹತ್ತಿಸ್ಬೇಡಿ. ಹೆಚ್ಚಿನ ಮಕ್ಕಳಿಗೆ ತೂಕ ಇಳೀಬೇಕಾಗಿಲ್ಲ, ಏರೋದು ನಿಧಾನ ಆಗಿ ಎತ್ತರ ಬೆಳೀತಾ ಹೋದ್ರೆ ತಾನಾಗೇ ಸರಿಹೋಗತ್ತೆ.

ಇವು ಕಂಡ್ರೆ ಮಾತ್ರ ಕಾಯ್ಬೇಡಿ. ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ ಥರ ದಪ್ಪ ಕಪ್ಪು ಚರ್ಮ. ಇದನ್ನ ಕೊಳೆ ಅಂತ ತಿಳ್ಕೊಂಡು ಕಡ್ಲೆಹಿಟ್ಟು ಹಾಕಿ ಉಜ್ಜೋರು ಎಷ್ಟೋ ಜನ, ಉಜ್ಜಿದ್ರೆ ಹೋಗಲ್ಲ, ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತು. ರಾತ್ರಿ ಜೋರು ಗೊರಕೆ, ಮಧ್ಯೆ ಉಸಿರು ಕಟ್ಟಿದ ಹಾಗೆ ಆಗೋದು. ಪದೇ ಪದೇ ಮೂತ್ರ, ವಿಪರೀತ ಬಾಯಾರಿಕೆ. ಮಂಡಿ, ಸೊಂಟ ನೋವು, ಕುಂಟೋದು. ಹೆಣ್ಣುಮಕ್ಕಳಲ್ಲಿ ಮುಟ್ಟು ಶುರುವಾಗಿ ಒಂದೆರಡು ವರ್ಷ ಆದ್ಮೇಲೂ ಏರುಪೇರು. ಇನ್ನೊಂದು ಯಾರೂ ಗಮನಿಸದೇ ಇರೋದು: ಜಾಸ್ತಿ ತಿಂದು ದಪ್ಪ ಆದ ಮಕ್ಕಳು ಸಾಮಾನ್ಯವಾಗಿ ವಯಸ್ಸಿಗೆ ತಕ್ಕಷ್ಟು ಅಥವಾ ಸ್ವಲ್ಪ ಹೆಚ್ಚೇ ಎತ್ತರ ಇರ್ತಾರೆ. ದಪ್ಪನೂ ಆಗ್ತಿದೆ, ಎತ್ತರ ಮಾತ್ರ ನಿಂತಿದೆ ಅಂದ್ರೆ ಥೈರಾಯ್ಡ್ ಥರದ ಹಾರ್ಮೋನ್ ತೊಂದರೆ ಇರಬಹುದು, ಪರೀಕ್ಷೆ ಬೇಕು.

ಹೋಗುವಾಗ ಫ್ರಿಜ್ ಮೇಲಿನ ಆ ಒಂದು ವಾರದ ಹಾಳೆ, ಎತ್ತರ ತೂಕದ ಹಳೇ ದಾಖಲೆ, ಲಸಿಕೆ ಕಾರ್ಡು ತಗೊಂಡು ಹೋಗಿ. ಮಗು ತಗೊಳ್ತಿರೋ ಔಷಧಿಗಳ ಚೀಟೀನೂ ಇರ್ಲಿ, ಆಸ್ತಮಾಗೆ ಕೊಡೋ ಸ್ಟೀರಾಯ್ಡ್ ಸಿರಪ್, ಮೆಡಿಕಲ್ ಸ್ಟೋರಿಂದ ನೇರ ತಂದ ಹಸಿವಿನ ಟಾನಿಕ್ ಎಲ್ಲಾ. ಆ ಟಾನಿಕ್‌ಗಳಲ್ಲಿ ಹಲವದರಲ್ಲಿ ಸಿಪ್ರೊಹೆಪ್ಟಡಿನ್ ಅನ್ನೋ ಔಷಧಿ ಇರತ್ತೆ, ಅದು ಹಸಿವು ಹೆಚ್ಚಿಸಿ ತೂಕ ಏರಿಸತ್ತೆ, ಬಾಟ್ಲನ್ನೇ ಡಾಕ್ಟರ್ ಟೇಬಲ್ ಮೇಲಿಟ್ಟು ತೋರಿಸಿ.